ಪೇಪರ್ ಕಳಿಸುವ ಮುನ್ನ: ರಿಯಲ್ ಎಸ್ಟೇಟ್ ಅರ್ಥಶಾಸ್ತ್ರದ ಜರ್ನಲ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಮನೆ ಬೆಲೆ, ಬಾಡಿಗೆ, ಗೃಹಸಾಲ, ಜಮೀನು ಬಳಕೆ ಇಂಥ ವಿಷಯಗಳಲ್ಲಿ ಸಂಶೋಧನೆ ಮಾಡಿದವರು, ಮಾಡುತ್ತಿರುವವರು ಬರೆದಿದ್ದಾರೆ. ಪೇಪರ್ ಸಿದ್ಧವಾಗಿದೆ, ಎಲ್ಲಿಗೆ ಕಳಿಸಬೇಕು, ಹೇಗೆ ಕಳಿಸಬೇಕು ಅನ್ನುವುದು ಎಲ್ಲರ ಚಿಂತೆ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಒಂದೇ ಪ್ರಶ್ನೆ ಕೇಳಿದವರನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಹೊಸ ಮೆಟ್ರೋ ಮಾರ್ಗ ಬಂದ ಮೇಲೆ ಸುತ್ತಲಿನ ಮನೆಗಳ ಬೆಲೆ ಎಷ್ಟು ಏರಿತು ಎಂದು ಒಂದು ನಗರದ ಡೇಟಾ ಇಟ್ಟುಕೊಂಡು ನೋಡಿದ್ದೇನೆ. ನಿಲ್ದಾಣಕ್ಕೆ ಹತ್ತಿರ ಇದ್ದಷ್ಟೂ ಬೆಲೆ ಜಾಸ್ತಿ ಎಂದು ಬಂದಿದೆ. ನನ್ನ ಗೈಡ್ 'ರಿಯಲ್ ಎಸ್ಟೇಟ್ ಎಕನಾಮಿಕ್ಸ್' ಜರ್ನಲ್‌ಗೆ ಕಳಿಸು ಅನ್ನುತ್ತಾರೆ. ಅಲ್ಲಿ ಇದು ನಡೆಯುತ್ತದೆಯೇ?

ಈಗಿರುವ ರೂಪದಲ್ಲಿ ನಡೆಯುವುದು ಕಷ್ಟ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಆ ಜರ್ನಲ್ ಅಮೆರಿಕನ್ ರಿಯಲ್ ಎಸ್ಟೇಟ್ ಅಂಡ್ ಅರ್ಬನ್ ಎಕನಾಮಿಕ್ಸ್ ಅಸೋಸಿಯೇಷನ್ ಎಂಬ ಸಂಘದ್ದು. ಸಂಘ ಹುಟ್ಟಿದ್ದು 1964ರಲ್ಲಿ, ಜರ್ನಲ್ ಶುರುವಾಗಿದ್ದು 1973ರಲ್ಲಿ. ಮೊದಲು ಸಂಘದ ಹೆಸರಿನಲ್ಲೇ ಬರುತ್ತಿತ್ತು, 1995ರಲ್ಲಿ ಈಗಿನ ಹೆಸರು ಬಂತು. ಅಂದರೆ ಐವತ್ತು ವರ್ಷಕ್ಕೂ ಮೀರಿ ಅಲ್ಲಿ ಮನೆ ಬೆಲೆಯ ಬಗ್ಗೆ ಪೇಪರ್ ಬರುತ್ತಲೇ ಇವೆ. ರೈಲು ಹತ್ತಿರ ಬಂದರೆ ಬೆಲೆ ಏರುತ್ತದೆ ಅನ್ನುವುದು ಅಲ್ಲಿನ ಸಂಪಾದಕರಿಗೆ ಸುದ್ದಿಯೇ ಅಲ್ಲ.

ನಿಮ್ಮದೇ ವಿಷಯದ ಒಂದು ಉದಾಹರಣೆ ತಗೊಳ್ಳಿ. ಶಿಕಾಗೋದಲ್ಲಿ ಪೇಟೆಯಿಂದ ಮಿಡ್‌ವೇ ವಿಮಾನ ನಿಲ್ದಾಣಕ್ಕೆ ಹೋಗುವ ರೈಲು ಮಾರ್ಗ 1993ರಲ್ಲಿ ಶುರುವಾಯಿತು. ಡೇನಿಯಲ್ ಮ್ಯಾಕ್‌ಮಿಲನ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1983ರಿಂದ 1999ರವರೆಗಿನ ಮನೆ ಮಾರಾಟಗಳನ್ನು ತೆಗೆದುಕೊಂಡು ಒಂದು ಪೇಪರ್ ಬರೆದರು. ಅದು ಇದೇ ಜರ್ನಲ್‌ನಲ್ಲಿ 2004ರಲ್ಲಿ ಬಂತು. ಅದೂ ಒಂದೇ ನಗರ, ಒಂದೇ ಮಾರ್ಗ. ಆದರೂ ಹೇಗೆ ಬಂತು? ಅವರು ಬೆಲೆ ಏರಿತೇ ಎಂದಷ್ಟೇ ಕೇಳಲಿಲ್ಲ, ಯಾವಾಗ ಏರಿತು ಎಂದು ಕೇಳಿದರು. ರೈಲು ಓಡುವ ಎಷ್ಟೋ ಮೊದಲೇ, ಯೋಜನೆ ಜನರ ಕಿವಿಗೆ ಬಿದ್ದಾಗಲೇ, ಬೆಲೆ ಮೇಲೇಳಲು ಶುರುವಾಗಿತ್ತು ಎಂದು ತೋರಿಸಿದರು. ಈ ಮಾತು ಶಿಕಾಗೋದ ಬಗ್ಗೆ ಏನೂ ಆಸಕ್ತಿ ಇಲ್ಲದವನಿಗೂ ಬೇಕು. ಉದ್ಘಾಟನೆಯ ದಿನವನ್ನೇ ಗೆರೆ ಮಾಡಿಕೊಂಡು 'ಮೊದಲು' 'ಆಮೇಲೆ' ಎಂದು ಹೋಲಿಸಿದರೆ, ಆ 'ಮೊದಲು' ಅನ್ನುವ ಬೆಲೆಯಲ್ಲೇ ರೈಲು ಸೇರಿಕೊಂಡಿರುತ್ತದೆ. ಆಗ ಪರಿಣಾಮ ಇರುವುದಕ್ಕಿಂತ ಕಮ್ಮಿ ಕಾಣುತ್ತದೆ.

ಹಾಗಾಗಿ ಕಳಿಸುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಊರಿನ ಹೆಸರು ಅಳಿಸಿಬಿಟ್ಟರೆ ನನ್ನ ಪೇಪರ್‌ನಲ್ಲಿ ಏನು ಉಳಿಯುತ್ತದೆ? ಏನೋ ಒಂದು ಉಳಿಯಬೇಕು. ಮಾರುಕಟ್ಟೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಬಗ್ಗೆ ಒಂದು ಮಾತು, ಅಥವಾ ಹಳೆಯ ಅಳತೆಯ ವಿಧಾನದಲ್ಲಿ ಒಂದು ದೋಷ, ಅಥವಾ ಎಲ್ಲರೂ ನಂಬಿದ್ದು ಇಲ್ಲಿ ಸುಳ್ಳಾಗುವುದಕ್ಕೆ ಒಂದು ಕಾರಣ. ಇದು ಕೊನೆಯ ಪುಟದ 'ನೀತಿ ಸಲಹೆ'ಯಲ್ಲಿ ಸಿಗುವ ವಸ್ತು ಅಲ್ಲ. ಪೇಪರ್ ಪೂರ್ತಿ ಅದರ ಸುತ್ತಲೇ ಇರಬೇಕು.

ಇನ್ನೊಂದು ಕಷ್ಟ ಇದೆ, ಇದು ಜಾಸ್ತಿ ಗಂಭೀರ. ನಿಲ್ದಾಣಗಳನ್ನು ಯಾರೂ ಚೀಟಿ ಎತ್ತಿ ಕಟ್ಟುವುದಿಲ್ಲ, ಅಲ್ವಾ? ಬೆಳೆಯುತ್ತಿರುವ ಕಡೆ, ಜನ ಇರುವ ಕಡೆ, ಮುಂದೆ ಬೆಲೆ ಏರುವ ಕಡೆಯೇ ಕಟ್ಟುತ್ತಾರೆ. ಆಗ ಹತ್ತಿರದ ಮನೆ ದುಬಾರಿ ಅನ್ನುವುದು ರೈಲಿನಿಂದಲೋ, ಆ ಜಾಗವೇ ಹಾಗಿತ್ತೋ? ರೆಫರಿ, ಅಂದರೆ ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ತಜ್ಞರು, ಮೊದಲು ಕೈ ಹಾಕುವುದೇ ಇಲ್ಲಿಗೆ. ಸ್ಯಾಂಡ್ರಾ ಬ್ಲ್ಯಾಕ್ 1999ರಲ್ಲಿ ಶಾಲೆಗಳ ಬಗ್ಗೆ ಇಂಥದ್ದೇ ಗಂಟನ್ನು ಬಿಡಿಸಿದ ರೀತಿ ಈಗಲೂ ನೋಡುವಂಥದ್ದು. ಮ್ಯಾಸಚೂಸೆಟ್ಸ್‌ನಲ್ಲಿ ಶಾಲಾ ವ್ಯಾಪ್ತಿಯ ಗಡಿಗೆ ಅಂಟಿಕೊಂಡಂತಿರುವ ಮನೆಗಳನ್ನು ಮಾತ್ರ ತೆಗೆದುಕೊಂಡು, ಗಡಿಯ ಈ ಬದಿ ಆ ಬದಿ ಹೋಲಿಸಿದರು. ಬೀದಿ ಅದೇ, ಅಕ್ಕಪಕ್ಕ ಅದೇ, ಮಕ್ಕಳು ಹೋಗುವ ಶಾಲೆ ಮಾತ್ರ ಬೇರೆ. ಪರೀಕ್ಷಾ ಅಂಕ ಶೇ 5ರಷ್ಟು ಹೆಚ್ಚಿದ್ದರೆ ಪೋಷಕರು ಮನೆಗೆ ಸುಮಾರು ಶೇ 2.5ರಷ್ಟು ಹೆಚ್ಚು ಕೊಡುತ್ತಾರೆ ಎಂದು ಬಂತು. ಗಡಿಯ ಹೋಲಿಕೆ ಇಲ್ಲದೆ ಬರೀ ರಿಗ್ರೆಶನ್ (ಒಂದರ ಜೊತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಡೇಟಾದಿಂದ ಅಳೆಯುವ ಲೆಕ್ಕ) ಓಡಿಸಿದರೆ ಬರುವ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ನಿಮ್ಮ ಡೇಟಾದಲ್ಲೂ ಹೀಗೆ ಹೋಲಿಸುವ ಜಾಗ ಇದೆಯೇ ಹುಡುಕಿ: ಯೋಜನೆಯಲ್ಲಿದ್ದು ಕೊನೆಗೆ ಕೈಬಿಟ್ಟ ನಿಲ್ದಾಣ, ವರ್ಷಗಟ್ಟಲೆ ತಡವಾದ ಮಾರ್ಗ, ತಾಂತ್ರಿಕ ಕಾರಣಕ್ಕೆ ತಿರುಗಿಸಿದ ಹಳಿ. ಅಂಥದ್ದೊಂದು ಸಿಕ್ಕಿದರೆ ಪೇಪರ್‌ನ ಬೆಲೆಯೇ ಬೇರೆ.

ಸಿಗದಿದ್ದರೆ ದಾರಿ ಮುಚ್ಚಿತು ಅಂತಲ್ಲ. ಜರ್ನಲ್‌ಗಳು ಬೇಕಾದಷ್ಟಿವೆ. ಸ್ಪ್ರಿಂಗರ್‌ನ 'ಜರ್ನಲ್ ಆಫ್ ರಿಯಲ್ ಎಸ್ಟೇಟ್ ಫೈನಾನ್ಸ್ ಅಂಡ್ ಎಕನಾಮಿಕ್ಸ್' ಸಾಲ, ಹೂಡಿಕೆ, ಆರ್‌ಇಐಟಿ (ಜನರ ಹಣವನ್ನು ಕಟ್ಟಡಗಳಲ್ಲಿ ಹೂಡುವ ಸಂಸ್ಥೆಗಳು) ಕಡೆಗೂ ವಾಲುತ್ತದೆ. 'ಜರ್ನಲ್ ಆಫ್ ಹೌಸಿಂಗ್ ಎಕನಾಮಿಕ್ಸ್' ವಸತಿಗೇ ಮೀಸಲು. 'ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಹೌಸಿಂಗ್ ಮಾರ್ಕೆಟ್ಸ್ ಅಂಡ್ ಅನಾಲಿಸಿಸ್'ನಲ್ಲಿ ಬೇರೆಬೇರೆ ದೇಶಗಳ ಒಂದೊಂದು ನಗರದ ಅಧ್ಯಯನಗಳು ಬರುತ್ತಲೇ ಇರುತ್ತವೆ. 'ಜರ್ನಲ್ ಆಫ್ ಅರ್ಬನ್ ಎಕನಾಮಿಕ್ಸ್' ಮಾತ್ರ ಇನ್ನೂ ಗಟ್ಟಿ ಗೋಡೆ. ಎಲ್ಲಿಗೆ ಎಂದು ನಿರ್ಧರಿಸಲು ಒಂದು ಸುಲಭದ ದಾರಿ ಇದೆ. ನಿಮ್ಮ ಪೇಪರ್‌ನಲ್ಲಿ ಉಲ್ಲೇಖಿಸಿದ ಲೇಖನಗಳ ಪಟ್ಟಿ ತೆಗೆದು ನೋಡಿ. ಯಾವ ಜರ್ನಲ್‌ನ ಹೆಸರು ಮತ್ತೆಮತ್ತೆ ಬರುತ್ತದೋ ನಿಮ್ಮ ಓದುಗರು ಅಲ್ಲಿದ್ದಾರೆ. ಕಳಿಸಬೇಕೆಂದಿರುವ ಜರ್ನಲ್‌ನ ಒಂದು ಪೇಪರ್ ಕೂಡ ಆ ಪಟ್ಟಿಯಲ್ಲಿ ಇಲ್ಲ ಅಂದರೆ, ಸಂಪಾದಕರಿಗೂ ಅದು ಕಾಣುತ್ತದೆ.

ಪ್ರಶ್ನೆ: ಪೇಪರ್ ಕಳಿಸಿದ ಕೆಲವೇ ದಿನದಲ್ಲಿ ವಾಪಸ್ ಬಂತು. ರೆಫರಿಗಳಿಗೆ ಹೋಗಲೇ ಇಲ್ಲ. 'ಕೊಡುಗೆ ಸ್ಪಷ್ಟವಾಗಿಲ್ಲ' ಎಂದು ಒಂದೇ ಸಾಲು. ಅವರು ಪೂರ್ತಿ ಓದಿದ್ದಾರೆ ಅಂತ ನನಗನ್ನಿಸುವುದಿಲ್ಲ.

ಓದಿರಲಿಕ್ಕಿಲ್ಲ. ಇದಕ್ಕೆ ಡೆಸ್ಕ್ ರಿಜೆಕ್ಟ್ ಅನ್ನುತ್ತಾರೆ. ಸಂಪಾದಕರ ಮುಂದೆ ಪೇಪರ್‌ಗಳ ರಾಶಿ ಇರುತ್ತದೆ. ಸಾರಾಂಶ, ಪೀಠಿಕೆ, ಒಂದೆರಡು ಕೋಷ್ಟಕ, ಇಷ್ಟು ನೋಡಿ ನಿರ್ಧರಿಸುತ್ತಾರೆ. ಅನ್ಯಾಯ ಅನ್ನಿಸಬಹುದು, ಆದರೆ ಆ ಪೀಠಿಕೆ ಬರೆದವರು ನೀವೇ ತಾನೆ? ಅದನ್ನು ಸರಿ ಮಾಡುವುದು ನಿಮ್ಮ ಕೈಯಲ್ಲೇ ಇದೆ.

ನೀವು ಕಳಿಸಿದ ಪೀಠಿಕೆಯ ಮೊದಲ ಸಾಲುಗಳು ಹೀಗಿವೆ: "ವಸತಿ ಮನುಷ್ಯನ ಮೂಲಭೂತ ಅಗತ್ಯಗಳಲ್ಲಿ ಒಂದು. ಜಗತ್ತಿನಾದ್ಯಂತ ನಗರೀಕರಣ ವೇಗವಾಗಿ ನಡೆಯುತ್ತಿದೆ. ರಿಯಲ್ ಎಸ್ಟೇಟ್ ಕ್ಷೇತ್ರ ಆರ್ಥಿಕತೆಯಲ್ಲಿ ಮಹತ್ವದ ಪಾತ್ರ ವಹಿಸುತ್ತದೆ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಯಾವ ಪೇಪರ್‌ನ ಮೊದಲಿಗೆ ಬೇಕಾದರೂ ಕೂರುತ್ತದೆ. ಬಾಡಿಗೆ ಮಿತಿಯ ಬಗ್ಗೆ ನಿಮ್ಮ ಪ್ರಶ್ನೆ ಬರುವುದು ನಾಲ್ಕನೇ ಪುಟದಲ್ಲಿ. ಅಷ್ಟು ಹೊತ್ತಿಗೆ ಓದುವವರು ಎದ್ದು ಹೋಗಿರುತ್ತಾರೆ.

ನಾನಾದರೆ ಹೀಗೆ ಶುರು ಮಾಡುತ್ತಿದ್ದೆ: "ಬಾಡಿಗೆಗೆ ಮಿತಿ ಹಾಕಿದ ಮೇಲೆ ಮಾಲೀಕರು ಮನೆಯ ರಿಪೇರಿ ಕಮ್ಮಿ ಮಾಡುತ್ತಾರೆಯೇ? ಇದನ್ನು ಅಳೆಯುವುದು ಕಷ್ಟ, ಏಕೆಂದರೆ ರಿಪೇರಿಯ ಲೆಕ್ಕ ಎಲ್ಲೂ ದಾಖಲಾಗುವುದಿಲ್ಲ. ನಾವು ಕಟ್ಟಡ ಪರವಾನಗಿಗಳ ಕಡತದಿಂದ ಅದನ್ನು ಕಂಡುಹಿಡಿದಿದ್ದೇವೆ. ಮಿತಿಗೆ ಒಳಪಟ್ಟ ಕಟ್ಟಡಗಳನ್ನು, ಕಟ್ಟಿದ ವರ್ಷ ಸ್ವಲ್ಪ ಆಚೆಈಚೆ ಇದ್ದ ಕಾರಣಕ್ಕೆ ತಪ್ಪಿಸಿಕೊಂಡ ಕಟ್ಟಡಗಳ ಜೊತೆ ಹೋಲಿಸಿದ್ದೇವೆ. ರಿಪೇರಿ ಶೇಕಡಾ ಇಷ್ಟು ಇಳಿದಿದೆ." ನಾಲ್ಕೈದು ಸಾಲು. ಪ್ರಶ್ನೆ ಏನು, ಇಲ್ಲಿಯವರೆಗೆ ಯಾಕೆ ಉತ್ತರ ಸಿಕ್ಕಿಲ್ಲ, ನಮಗೆ ಹೇಗೆ ಸಿಕ್ಕಿತು, ಸಿಕ್ಕಿದ್ದೇನು, ಎಲ್ಲವೂ ಬಂತು. ಕೊನೆಯ ಸಂಖ್ಯೆಯನ್ನು ಮುಚ್ಚಿಡಬೇಡಿ. ಕೊಲೆಗಾರ ಯಾರು ಎಂದು ಕೊನೆಯಲ್ಲಿ ಹೇಳುವುದು ಪತ್ತೇದಾರಿ ಕಾದಂಬರಿಗೆ ಸರಿ, ಇಲ್ಲಿ ಮೊದಲ ಪುಟದಲ್ಲೇ ಹೇಳಬೇಕು.

ಒಳ್ಳೆಯ ಪ್ರಶ್ನೆ ಎಷ್ಟು ಸರಳವಾಗಿರಬಹುದು ಅನ್ನುವುದಕ್ಕೆ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಪೇಪರ್ ನೋಡಿ. ಮನೆ ಮಾರಿಸುವ ಏಜೆಂಟ್ ತನ್ನ ಸ್ವಂತ ಮನೆ ಮಾರುವಾಗ ಹೇಗೆ ನಡೆದುಕೊಳ್ಳುತ್ತಾನೆ? ಉತ್ತರ: ಏಜೆಂಟರ ಮನೆಗಳು ಸುಮಾರು 9.5 ದಿನ ಹೆಚ್ಚು ಕಾಲ ಮಾರಾಟಕ್ಕೆ ನಿಂತಿರುತ್ತವೆ ಮತ್ತು ಸುಮಾರು ಶೇ 3.7ರಷ್ಟು ಹೆಚ್ಚು ಬೆಲೆಗೆ ಹೋಗುತ್ತವೆ. ಗ್ರಾಹಕರ ಮನೆಯಾದರೆ ಹೆಚ್ಚುವರಿ ಬೆಲೆಯಲ್ಲಿ ಏಜೆಂಟನಿಗೆ ಬರುವ ಕಮಿಷನ್ ಚಿಲ್ಲರೆ, ಅವನು ಯಾಕೆ ಕಾಯುತ್ತಾನೆ? ಇದನ್ನು ಯಾರಿಗೆ ಬೇಕಾದರೂ ಎರಡು ನಿಮಿಷದಲ್ಲಿ ಹೇಳಬಹುದು. ನಿಮ್ಮ ಪೇಪರನ್ನು ಹಾಗೆ ಹೇಳಲು ಬರುತ್ತದೆಯೇ ನೋಡಿ. ಬರದಿದ್ದರೆ ಬರವಣಿಗೆಯನ್ನು ತಿದ್ದುವ ಮೊದಲು ಪ್ರಶ್ನೆಯನ್ನು ತಿದ್ದಬೇಕು.

ಪ್ರಶ್ನೆ: ಕವರ್ ಲೆಟರ್‌ನಲ್ಲಿ ಏನು ಬರೆಯಬೇಕು? ಜೆಇಎಲ್ ಕೋಡ್ ಅಂದರೆ ಏನು, ಎಷ್ಟು ಹಾಕಬೇಕು?

ಕವರ್ ಲೆಟರ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೇಪರ್‌ನ ಹೆಸರು, ಒಂದೆರಡು ಸಾಲಿನಲ್ಲಿ ಮುಖ್ಯ ಫಲಿತಾಂಶ, ಬೇರೆಲ್ಲೂ ಪರಿಶೀಲನೆಯಲ್ಲಿ ಇಲ್ಲ ಅನ್ನುವ ಮಾತು, ಯಾರಾದರೂ ಹಣ ಕೊಟ್ಟಿದ್ದರೆ ಅವರ ಹೆಸರು. ಕೊನೆಯದು ಈ ವಿಷಯದಲ್ಲಿ ಮುಖ್ಯ. ಬಿಲ್ಡರ್ ಅಥವಾ ಬ್ಯಾಂಕ್ ದುಡ್ಡಿನಲ್ಲಿ ಮಾಡಿದ ಮನೆ ಬೆಲೆಯ ಅಧ್ಯಯನ ಆಮೇಲೆ ಬಯಲಾದರೆ ಯಾರಿಗೂ ಚೆನ್ನಾಗಿರುವುದಿಲ್ಲ. 'ನಿಮ್ಮ ಘನ ಜರ್ನಲ್' ಎಂಬ ಹೊಗಳಿಕೆಯನ್ನು ಯಾರೂ ಓದುವುದಿಲ್ಲ.

ಜೆಇಎಲ್ ಕೋಡ್ ಅಂದರೆ ಅರ್ಥಶಾಸ್ತ್ರದ ವಿಷಯಗಳನ್ನು ವಿಂಗಡಿಸುವ ಪಟ್ಟಿ. ನಗರ, ಪ್ರಾದೇಶಿಕ, ರಿಯಲ್ ಎಸ್ಟೇಟ್, ಸಾರಿಗೆ ವಿಷಯಗಳು 'ಆರ್' ಅಕ್ಷರದ ಕೆಳಗೆ ಬರುತ್ತವೆ. ವಸತಿಯ ಬೇಡಿಕೆ ಆರ್21, ವಸತಿ ಪೂರೈಕೆ ಮತ್ತು ಮಾರುಕಟ್ಟೆ ಆರ್31, ಭೂಬಳಕೆಯ ನಿಯಮಗಳು ಆರ್52. ಗೃಹಸಾಲದ ಪೇಪರ್ ಆದರೆ ಜಿ21 ಕೂಡ ಸೇರಿಸಿ. ಎರಡು ಮೂರು ಸಾಕು. ಬಹಳಷ್ಟು ಸಲ ರೆಫರಿಗಳನ್ನು ಹುಡುಕುವಾಗ ಇದನ್ನೂ ನೋಡುತ್ತಾರೆ, ಹಾಗಾಗಿ ಸುಮ್ನೆ ಹತ್ತು ಕೋಡ್ ಹಾಕಿದರೆ ನಿಮ್ಮ ಕೆಲಸಕ್ಕೆ ಸಂಬಂಧವೇ ಇಲ್ಲದವರ ಕೈಗೆ ಹೋಗಬಹುದು.

ಪ್ರಶ್ನೆ: ಕಳಿಸುವ ಮೊದಲು ತಾಂತ್ರಿಕವಾಗಿ ಏನೇನು ಸರಿ ನೋಡಿಕೊಳ್ಳಬೇಕು? ನಮ್ಮ ವಿಭಾಗದಲ್ಲಿ ಈ ವಿಷಯ ಗೊತ್ತಿರುವವರು ಯಾರೂ ಇಲ್ಲ.

ಇದಕ್ಕೆ ಪುಸ್ತಕವೇ ಬರೆಯಬಹುದು. ಪೇಪರ್‌ಗಳಲ್ಲಿ ಮತ್ತೆಮತ್ತೆ ಕಾಣುವ ಕೆಲವನ್ನು ಮಾತ್ರ ಹೇಳುತ್ತೇನೆ.

ಮೊದಲು ಬೆಲೆ ಅಂದರೆ ಯಾವ ಬೆಲೆ? ಜಾಹೀರಾತಿನಲ್ಲಿ ಕೇಳಿದ ಬೆಲೆಯೋ, ಕೈಬದಲಾದ ಬೆಲೆಯೋ, ನೋಂದಣಿ ಕಾಗದದಲ್ಲಿ ಬರೆಸಿದ ಬೆಲೆಯೋ? ಮೂರೂ ಬೇರೆಬೇರೆ. ತೆರಿಗೆ ಉಳಿಸಲು ನೋಂದಣಿಯಲ್ಲಿ ಕಮ್ಮಿ ತೋರಿಸುವ ಚಾಳಿ ಇರುವ ಕಡೆ, ಆ ಸಂಖ್ಯೆಯಿಂದ ಹೊರಟ ಪೇಪರ್ ಬೆಲೆಯನ್ನೇ ಅಳೆಯುತ್ತಿದೆಯೋ ತೆರಿಗೆ ತಪ್ಪಿಸುವುದನ್ನು ಅಳೆಯುತ್ತಿದೆಯೋ ಹೇಳಲಾಗುವುದಿಲ್ಲ. ಕೇಳುವ ಬೆಲೆಯದ್ದು ಇನ್ನೊಂದು ಕಥೆ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ 2001ರಲ್ಲಿ ಬಾಸ್ಟನ್‌ನ ಅಪಾರ್ಟ್‌ಮೆಂಟ್‌ಗಳ ಡೇಟಾದಲ್ಲಿ ತೋರಿಸಿದಂತೆ, ತಾನು ಕೊಂಡದ್ದಕ್ಕಿಂತ ಕಮ್ಮಿಗೆ ಮಾರಬೇಕಾಗಿ ಬಂದವನು ಕೇಳುವ ಬೆಲೆಯನ್ನು ಏರಿಸಿ ಇಡುತ್ತಾನೆ, ಆ ವ್ಯತ್ಯಾಸದ ಶೇ 25ರಿಂದ 35ರಷ್ಟು. ಅಂದರೆ ಮಾರುಕಟ್ಟೆ ಕುಸಿದಾಗ ಜಾಹೀರಾತಿನ ಬೆಲೆ ನಿಜವಾದ ಕುಸಿತವನ್ನು ಮರೆಮಾಡುತ್ತದೆ. ನಿಮ್ಮದು ಯಾವ ಬೆಲೆ ಎಂದು ಡೇಟಾ ಭಾಗದ ಮೊದಲ ಪ್ಯಾರಾದಲ್ಲೇ ಹೇಳಿ, ಅದರ ಮಿತಿಯನ್ನೂ ನೀವೇ ಹೇಳಿ. ರೆಫರಿ ಕಂಡುಹಿಡಿದರೆ ಬೇರೆ ಥರ ಕಾಣುತ್ತದೆ.

ಬೆಲೆಯ ಬದಲು ಅದರ ಲಾಗರಿದಮ್ ಇಟ್ಟು ಮಾಡುವ ರಿಗ್ರೆಶನ್‌ನಲ್ಲಿ ಹೌದು-ಅಲ್ಲ ಚರದ ಗುಣಾಂಕ 0.30 ಬಂದರೆ 'ಬೆಲೆ ಶೇ 30 ಹೆಚ್ಚು' ಎಂದು ಬರೆದುಬಿಡುತ್ತಾರೆ. ಅದು ಶೇ 35. ಇ ಘಾತ 0.30, ಅದರಿಂದ 1 ಕಳೆಯಿರಿ. 0.03 ಇದ್ದಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಗುಣಾಂಕ ದೊಡ್ಡದಾದಷ್ಟೂ ಕಣ್ಣಿಗೆ ಹೊಡೆಯುತ್ತದೆ. 1980ರಲ್ಲೇ ಹಾಲ್ವೊರ್ಸೆನ್ ಮತ್ತು ಪಾಮ್‌ಕ್ವಿಸ್ಟ್ ಇದನ್ನು ಬರೆದಿಟ್ಟಿದ್ದಾರೆ. ಇಷ್ಟು ಚಿಕ್ಕ ತಪ್ಪು ಕಂಡರೂ ರೆಫರಿ ಉಳಿದ ಕೋಷ್ಟಕಗಳನ್ನು ಅನುಮಾನದಿಂದಲೇ ಓದಲು ಶುರು ಮಾಡುತ್ತಾರೆ.

ಅಕ್ಕಪಕ್ಕದ ಮನೆಗಳು ಒಂದಕ್ಕೊಂದು ಸಂಬಂಧವಿಲ್ಲದ ಅವಲೋಕನಗಳಲ್ಲ. ಒಂದೇ ಬೀದಿ, ಒಂದೇ ಚರಂಡಿ, ಒಂದೇ ಗದ್ದಲ. ಸ್ಟ್ಯಾಂಡರ್ಡ್ ಎರರ್‌ಗಳನ್ನು (ಅಂದಾಜು ಎಷ್ಟು ಆಚೆಈಚೆ ಆಗಬಹುದು ಅನ್ನುವ ಅಳತೆ) ಬಡಾವಣೆ ಮಟ್ಟದಲ್ಲೋ ಇನ್ನೂ ದೊಡ್ಡ ಘಟಕದಲ್ಲೋ ಕ್ಲಸ್ಟರ್ ಮಾಡಬೇಕು, ಅಂದರೆ ಗುಂಪಾಗಿ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಎಲ್ಲದಕ್ಕೂ ಮೂರು ನಕ್ಷತ್ರ, ಅಂದರೆ ಫಲಿತಾಂಶ ಬಹಳ ಗಟ್ಟಿ ಅನ್ನುವ ಗುರುತು, ಬರುತ್ತದೆ. ಎಲ್ಲದಕ್ಕೂ ಮೂರು ನಕ್ಷತ್ರ ಇರುವ ಕೋಷ್ಟಕ ಕಂಡರೆ ನನಗಂತೂ ಖುಷಿ ಆಗುವುದಿಲ್ಲ.

ಒಂದು ನೀತಿ ಬೇರೆಬೇರೆ ಪ್ರದೇಶಗಳಿಗೆ ಬೇರೆಬೇರೆ ವರ್ಷ ಜಾರಿಯಾಗಿದ್ದರೆ, ಪ್ರದೇಶಕ್ಕೊಂದು ವರ್ಷಕ್ಕೊಂದು ಫಿಕ್ಸೆಡ್ ಎಫೆಕ್ಟ್ (ಆ ಪ್ರದೇಶದ, ಆ ವರ್ಷದ ಸಾಮಾನ್ಯ ವ್ಯತ್ಯಾಸವನ್ನು ಕಳೆಯುವ ಚರ) ಹಾಕಿ ಒಂದು ಗುಣಾಂಕ ತೆಗೆಯುವ ಹಳೆಯ ಪದ್ಧತಿ ಈಗ ಸಾಲದು. ಗುಡ್‌ಮನ್-ಬೇಕನ್ 2021ರ ಪೇಪರ್‌ನಲ್ಲಿ ತೋರಿಸಿದಂತೆ, ಅಲ್ಲಿ ಮೊದಲೇ ನೀತಿ ಬಂದ ಪ್ರದೇಶವೂ ಹೋಲಿಕೆಯ ಗುಂಪಾಗಿ ನುಸುಳುತ್ತದೆ. ಪರಿಣಾಮ ಕಾಲಕ್ರಮೇಣ ಬದಲಾಗುತ್ತಿದ್ದರೆ ಉತ್ತರ ವಕ್ರವಾಗುತ್ತದೆ. ಅದೇ ವರ್ಷ ಬಂದ ಕ್ಯಾಲವೇ ಮತ್ತು ಸಾಂಟ್'ಆನಾ ಅವರ ವಿಧಾನ, ಅಂಥ ಬೇರೆ ವಿಧಾನಗಳು, ಎಲ್ಲಕ್ಕೂ ತಯಾರು ಪ್ಯಾಕೇಜ್ ಸಿಗುತ್ತದೆ.

ಹಾಗೆಯೇ, ಹೆಡಾನಿಕ್ ಮಾದರಿಯನ್ನು (ಮನೆಯ ಬೆಲೆಯನ್ನು ಅದರ ಒಂದೊಂದು ಗುಣದ ಬೆಲೆಯಾಗಿ ಬಿಡಿಸುವ ಮಾದರಿ) ಅ ಆ ಇ ಈ ಯಿಂದ ವಿವರಿಸಲು ನಾಲ್ಕು ಪುಟ ಖರ್ಚು ಮಾಡಬೇಡಿ. ಶೆರ್ವಿನ್ ರೋಸೆನ್ ಅದನ್ನು 1974ರಲ್ಲೇ ಬರೆದು ಮುಗಿಸಿದ್ದಾರೆ, ಒಂದು ಸಾಲು ಸಾಕು.

ಪ್ರಶ್ನೆ: ಒಂದು ಕಡೆ ಕಳಿಸಿ ತಿಂಗಳುಗಟ್ಟಲೆ ಕಾಯುವ ಬದಲು ಎರಡು ಜರ್ನಲ್‌ಗೆ ಒಟ್ಟಿಗೆ ಕಳಿಸಿದರೆ ಏನಾಗುತ್ತದೆ?

ಕಳಿಸಬೇಡಿ. ಯಾವ ಒಳ್ಳೆಯ ಜರ್ನಲ್ಲೂ ಇದನ್ನು ಒಪ್ಪುವುದಿಲ್ಲ. ಕಳಿಸುವಾಗ 'ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ' ಎಂದು ನೀವೇ ಗುರುತು ಹಾಕಿರುತ್ತೀರಿ. ಈ ಕ್ಷೇತ್ರ ಬೇರೆ ಚಿಕ್ಕದು. ನಿಮ್ಮ ವಿಷಯದ ರೆಫರಿಗಳು ಕೈಬೆರಳೆಣಿಕೆಯಷ್ಟು ಜನ, ಎರಡೂ ಕಡೆಯಿಂದ ಒಬ್ಬರಿಗೇ ಹೋಗುವ ಸಂಭವ ಚೆನ್ನಾಗಿಯೇ ಇದೆ. ತೀರಾ ತಡವಾದರೆ ವಿನಯದಿಂದ ಒಂದು ಮೇಲ್ ಹಾಕಿ ಕೇಳಿ, ಅದರಲ್ಲಿ ತಪ್ಪಿಲ್ಲ. ಆಗಲೂ ಆಗದಿದ್ದರೆ ಬರವಣಿಗೆಯಲ್ಲಿ ವಾಪಸ್ ತೆಗೆದುಕೊಂಡು, ಅವರು ಒಪ್ಪಿದ ಮೇಲೆ ಇನ್ನೊಂದು ಕಡೆ ಕಳಿಸಿ.

ವರ್ಕಿಂಗ್ ಪೇಪರ್ (ಜರ್ನಲ್‌ನಲ್ಲಿ ಬರುವ ಮೊದಲಿನ ಕರಡು) ಆಗಿ ಎಸ್‌ಎಸ್‌ಆರ್‌ಎನ್ ಎಂಬ ಜಾಲತಾಣದಲ್ಲಿ ಹಾಕಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಅದು ಬೇರೆ ವಿಷಯ. ಅರ್ಥಶಾಸ್ತ್ರದಲ್ಲಿ ಅದು ರೂಢಿ, ಹೆಚ್ಚಿನ ಜರ್ನಲ್‌ಗಳ ತಕರಾರಿಲ್ಲ, ಆದರೂ ನಿಮ್ಮ ಜರ್ನಲ್‌ನ ಸೂಚನೆ ಒಮ್ಮೆ ಓದಿ. ಹೆಸರು ಮುಚ್ಚಿ ಪರಿಶೀಲಿಸುವ ಜರ್ನಲ್ ಆದರೆ ಫೈಲ್‌ನಲ್ಲಿ ಹೆಸರು, ಕೃತಜ್ಞತೆ, ಅನುದಾನದ ಸಂಖ್ಯೆ ತೆಗೆಯಿರಿ. 'ನಮ್ಮ ಹಿಂದಿನ ಪೇಪರ್‌ನಲ್ಲಿ' ಅನ್ನುವುದನ್ನು ಬೇರೆಯವರ ಪೇಪರ್ ಬಗ್ಗೆ ಬರೆದಂತೆ ಬದಲಿಸಿ. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು ಅಡಗಿ ಕೂತಿರುತ್ತದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ.

ಪ್ರಶ್ನೆ: 'ನಿಮ್ಮ ಅಮೂಲ್ಯ ಸಂಶೋಧನೆಯನ್ನು ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ' ಎಂದು ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ಹಣ ಕೇಳುತ್ತಿದ್ದಾರೆ. ದೊಡ್ಡ ಜರ್ನಲ್‌ಗಳೂ ಹಣ ಕೇಳುತ್ತವೆ ತಾನೆ?

ಕೇಳುತ್ತವೆ, ಆದರೆ ಯಾವಾಗ ಕೇಳುತ್ತವೆ ಅನ್ನುವುದರಲ್ಲಿ ಎಲ್ಲ ಇದೆ. ಅರ್ಥಶಾಸ್ತ್ರ ಮತ್ತು ಫೈನಾನ್ಸ್‌ನ ಹಲವು ಒಳ್ಳೆಯ ಜರ್ನಲ್‌ಗಳಲ್ಲಿ ಸಲ್ಲಿಕೆಯ ಶುಲ್ಕ ಇರುತ್ತದೆ. ಅದನ್ನು ಮೊದಲೇ ಕಟ್ಟಬೇಕು, ಪೇಪರ್ ತಿರಸ್ಕಾರವಾದರೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅಂದರೆ ನಿಮ್ಮನ್ನು ಒಪ್ಪಿಕೊಳ್ಳುವುದರಿಂದ ಅವರಿಗೆ ಲಾಭವಿಲ್ಲ. ನಿಮಗೆ ಮೇಲ್ ಕಳಿಸಿದವರದು ಉಲ್ಟಾ: ಒಪ್ಪಿಕೊಂಡರೆ ಮಾತ್ರ ದುಡ್ಡು. ಹಾಗಿದ್ದ ಮೇಲೆ ಅವರು ಯಾಕೆ ಬೇಡ ಅನ್ನುತ್ತಾರೆ?

ಒಪ್ಪಿಗೆಯ ನಂತರ ಪ್ರಕಟಣಾ ಶುಲ್ಕ ಕೇಳುವವರೆಲ್ಲ ಮೋಸಗಾರರಲ್ಲ. ಓಪನ್ ಆಕ್ಸೆಸ್ (ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ) ಜರ್ನಲ್‌ಗಳಲ್ಲಿ ಹಲವು ನಡೆಯುವುದೇ ಹಾಗೆ. ಮೇಲೆ ಹೇಳಿದ ಜರ್ನಲ್‌ಗಳ ಪೈಕಿ ವೈಲಿ, ಸ್ಪ್ರಿಂಗರ್, ಎಲ್ಸೆವಿಯರ್ ಪ್ರಕಾಶನಗಳವುಗಳಲ್ಲಿ ಓಪನ್ ಆಕ್ಸೆಸ್ ಬೇಡ ಅಂದರೆ ಆ ಶುಲ್ಕ ಕೊಡದೆಯೇ ಪ್ರಕಟಿಸಬಹುದು. ಆದರೆ ವಾರದಲ್ಲಿ ಪರಿಶೀಲನೆ ಮುಗಿಸುತ್ತೇವೆ ಅನ್ನುವುದು ನಂಬುವ ಮಾತಲ್ಲ. ಸಂಪಾದಕ ಮಂಡಳಿಯ ಹೆಸರುಗಳನ್ನು ತೆಗೆದು, ಅವರವರ ವಿಶ್ವವಿದ್ಯಾಲಯದ ಪುಟದಲ್ಲಿ ಈ ಜರ್ನಲ್‌ನ ಉಲ್ಲೇಖ ಇದೆಯೇ ನೋಡಿ. ಮನೆ ಬೆಲೆ, ಹೃದ್ರೋಗ, ಕಾಂಕ್ರೀಟ್ ಮೂರನ್ನೂ ಒಂದೇ ಸಂಚಿಕೆಯಲ್ಲಿ ಹಾಕುವ ಜರ್ನಲ್ ಆದರೆ ಮುಂದೆ ನೋಡುವುದೂ ಬೇಡ.

ಪ್ರಶ್ನೆ: 'ತಿದ್ದಿ ಮತ್ತೆ ಕಳಿಸಿ' ಎಂದು ಬಂದಿದೆ. ಆದರೆ ಮೊದಲ ರೆಫರಿ ಒಂದು ಸೈದ್ಧಾಂತಿಕ ಮಾದರಿ ಸೇರಿಸಿ ಅನ್ನುತ್ತಾರೆ, ಎರಡನೆಯವರು ಪೇಪರ್ ಈಗಲೇ ಉದ್ದವಾಯಿತು, ಕತ್ತರಿಸಿ ಅನ್ನುತ್ತಾರೆ. ಕೆಲವು ಟೀಕೆಗಳಂತೂ ತಪ್ಪೇ. ಏನು ಮಾಡಲಿ?

ಮೊದಲು ಅಭಿನಂದನೆ. ಇದು ಒಳ್ಳೆಯ ಸುದ್ದಿ, ಓದಿದಾಗ ಹಾಗೆ ಅನ್ನಿಸದಿದ್ದರೂ.

ಸಂಪಾದಕರ ಪತ್ರವನ್ನು ಮತ್ತೊಮ್ಮೆ ಓದಿ. ರೆಫರಿಗಳು ಸಲಹೆ ಕೊಡುವವರು, ತೀರ್ಮಾನ ಸಂಪಾದಕರದು. ಪತ್ರದಲ್ಲಿ ಅವರು ಯಾವ ಅಂಶವನ್ನು ಎತ್ತಿ ಹೇಳಿದ್ದಾರೋ ಅದು ನಿಮ್ಮ ಮೊದಲ ಕೆಲಸ. ಮಾದರಿಯ ಬಗ್ಗೆ ಅಲ್ಲಿ ಏನೂ ಇಲ್ಲದಿದ್ದರೆ, ಒಂದು ಚಿಕ್ಕ ಮಾದರಿಯನ್ನು ಅನುಬಂಧಕ್ಕೆ ಹಾಕಿ, ಪೇಪರ್‌ನಲ್ಲಿ ಅದರ ಹುರುಳನ್ನು ಒಂದು ಪ್ಯಾರಾದಲ್ಲಿ ಹೇಳಿ. ಇಬ್ಬರಿಗೂ ಸಮಾಧಾನವಾಗುತ್ತದೆ. ನಿಜಕ್ಕೂ ಎರಡೂ ಕೂಡದ ಮಾತಾದರೆ, ಹೀಗೆ ಮಾಡಬೇಕೆಂದಿದ್ದೇನೆ ಎಂದು ಸಂಪಾದಕರಿಗೇ ಬರೆದು ಕೇಳಬಹುದು.

ಉತ್ತರದ ಪತ್ರದಲ್ಲಿ ರೆಫರಿಯ ಪ್ರತಿ ಮಾತನ್ನೂ ಹಾಗೆಯೇ ಎತ್ತಿ ಬರೆದು ಅದರ ಕೆಳಗೆ ಉತ್ತರ ಕೊಡಿ. ಒಂದನ್ನೂ ಬಿಡಬೇಡಿ. ನೀವು ಕಳಿಸಿದ ಕರಡಿನಲ್ಲಿ ಒಂದು ಕಡೆ ಹೀಗಿದೆ: "ರೆಫರಿ ನಮ್ಮ ವಿಧಾನವನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ. 14ನೇ ಪುಟದಲ್ಲಿ ಇದು ಸ್ಪಷ್ಟವಾಗಿಯೇ ಇದೆ." ಸ್ಪಷ್ಟವಾಗಿದ್ದರೆ ಅವರಿಗೆ ಯಾಕೆ ಗೊತ್ತಾಗಲಿಲ್ಲ? ಅವರು ನಿಮ್ಮ ಪೇಪರನ್ನು ಸಂಬಳವಿಲ್ಲದೆ, ರಜೆಯ ದಿನ ಕೂತು ಓದಿರುವ ಸಾಧ್ಯತೆ ಇದೆ. ಹೀಗೆ ಬದಲಿಸಿ: "ಎರಡು ಸಲ ಮಾರಾಟವಾದ ಮನೆಗಳನ್ನು ಮಾತ್ರ ಯಾಕೆ ತೆಗೆದುಕೊಂಡೆವು ಎಂದು ಹಿಂದಿನ ಕರಡಿನಲ್ಲಿ ತಡವಾಗಿ ಹೇಳಿದ್ದೆವು. ಈಗ ಅದನ್ನು 6ನೇ ಪುಟಕ್ಕೆ ತಂದಿದ್ದೇವೆ. ಒಂದೇ ಸಲ ಮಾರಾಟವಾದ ಮನೆಗಳನ್ನೂ ಸೇರಿಸಿದ ಫಲಿತಾಂಶ ಅನುಬಂಧದ ಹೊಸ ಕೋಷ್ಟಕದಲ್ಲಿದೆ. ಗುಣಾಂಕ ಸ್ವಲ್ಪ ಇಳಿದಿದೆ, ದಿಕ್ಕು ಬದಲಾಗಿಲ್ಲ." ಇಲ್ಲಿ ನೀವು ಸೋತಿಲ್ಲ, ವಿಧಾನವನ್ನೂ ಬದಲಿಸಿಲ್ಲ. ಆದರೆ ರೆಫರಿ ಕೇಳಿದ್ದಕ್ಕೆ ಕೋಷ್ಟಕ ಸಿಕ್ಕಿತು.

ನಿಜಕ್ಕೂ ತಪ್ಪಾದ ಸಲಹೆಯನ್ನು ಒಪ್ಪಬೇಕಿಲ್ಲ. ಆದರೆ ಒಪ್ಪದಿರುವುದಕ್ಕೆ ಡೇಟಾದಿಂದ ಕಾರಣ ಕೊಡಿ. ಅವರು ಹೇಳಿದಂತೆ ಮಾಡಿ ನೋಡಿದಾಗ ಏನು ಬಂತು ಎಂದು ತೋರಿಸಿ, ಅದು ಯಾಕೆ ಸರಿಯಲ್ಲ ಎಂದು ಹೇಳಿ. ಮತ್ತೆ, ಸಿಟ್ಟಿನಲ್ಲಿ ಬರೆದ ಉತ್ತರವನ್ನು ಅದೇ ದಿನ ಕಳಿಸಬೇಡಿ.

ಪ್ರಶ್ನೆ: ಎರಡನೇ ಜರ್ನಲ್‌ನಿಂದಲೂ ತಿರಸ್ಕಾರ. ಈ ಪೇಪರ್ ಬಿಟ್ಟುಬಿಡಲೇ?

ರೆಫರಿಗಳ ವರದಿ ಬಂದಿದೆಯೇ? ಬಂದಿದ್ದರೆ ಎರಡೂ ಕಡೆಯ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಆಕ್ಷೇಪ ಎರಡೂ ಕಡೆ ಇದ್ದರೆ ಅದು ನಿಜವಾದ ತೂತು, ಅದನ್ನು ಮುಚ್ಚದೆ ಮೂರನೇ ಕಡೆ ಕಳಿಸಬೇಡಿ. ಅದೇ ರೆಫರಿ ಮೂರನೇ ಜರ್ನಲ್‌ನಲ್ಲೂ ಸಿಕ್ಕರೆ, ಒಂದಕ್ಷರ ಬದಲಾಗದ ಪೇಪರ್ ಕಂಡು ಅವರಿಗೆ ಹೇಗನ್ನಿಸಬೇಡ? ಬೇರೆಬೇರೆ ಆಕ್ಷೇಪಗಳಾದರೆ ರುಚಿಯ ವ್ಯತ್ಯಾಸ ಇರಬಹುದು. ಆಗ ತಿದ್ದುವಷ್ಟು ತಿದ್ದಿ ಕಳಿಸಿ.

ಜಾರ್ಜ್ ಅಕರ್ಲಾಫ್ ಅವರ ಕಥೆ ನಿಮಗೆ ಗೊತ್ತಿರಬಹುದು. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂದು ಹಳೆ ಕಾರುಗಳ ಉದಾಹರಣೆಯಿಂದ ವಿವರಿಸಿದ ಅವರ ಪೇಪರ್ ಮೂರು ದೊಡ್ಡ ಜರ್ನಲ್‌ಗಳಿಂದ ವಾಪಸ್ ಬಂದಿತ್ತು. ಎರಡು ಕಡೆ ಇದು ತೀರಾ ಕ್ಷುಲ್ಲಕ ಅಂದರು, ಇನ್ನೊಂದು ಕಡೆ ಇದು ನಿಜವಾದರೆ ಅರ್ಥಶಾಸ್ತ್ರವೇ ಬೇರೆಯಾಗಬೇಕಾಗುತ್ತದೆ ಅಂದರು. ಕೊನೆಗೆ 1970ರಲ್ಲಿ ಪ್ರಕಟವಾಯಿತು, 2001ರಲ್ಲಿ ನೊಬೆಲ್ ಬಂತು. ಏಜೆಂಟರ ಬಗ್ಗೆ ಮೇಲೆ ಹೇಳಿದ ಪೇಪರ್ ಕೂಡ ಇದೇ ಬೇರಿನದು. ಹಾಗೆಂದು ತಿರಸ್ಕಾರವಾದ ಪೇಪರ್‌ಗಳೆಲ್ಲ ನೊಬೆಲ್ ಸರಕಲ್ಲ, ಹೆಚ್ಚಿನವು ನ್ಯಾಯವಾಗಿಯೇ ತಿರಸ್ಕಾರವಾಗಿರುತ್ತವೆ.

ಪ್ರಶ್ನೆ: ಡೇಟಾ ಒಂದು ಖಾಸಗಿ ಕಂಪನಿಯಿಂದ ಕರಾರಿನ ಮೇಲೆ ಪಡೆದದ್ದು, ಹಂಚುವಂತಿಲ್ಲ. ಜರ್ನಲ್ ಡೇಟಾ ಮತ್ತು ಕೋಡ್ ಕೇಳುತ್ತಿದೆ.

ಇದನ್ನು ಕಳಿಸುವಾಗಲೇ ಹೇಳಬೇಕು, ಒಪ್ಪಿಗೆಯಾದ ಮೇಲಲ್ಲ. ಖಾಸಗಿ ಡೇಟಾಗೆ ಹೆಚ್ಚಿನ ಕಡೆ ವಿನಾಯಿತಿ ಸಿಗುತ್ತದೆ. ಬದಲಿಗೆ ಪೂರ್ತಿ ಕೋಡ್, ಚರಗಳ ವಿವರ, ಇನ್ನೊಬ್ಬರು ಅದೇ ಡೇಟಾ ಪಡೆಯಬೇಕಾದರೆ ಯಾರನ್ನು ಕೇಳಬೇಕು ಅನ್ನುವ ಮಾಹಿತಿ ಕೊಡಬೇಕು. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ 2019ರಲ್ಲಿ ಈ ನಿಯಮಗಳನ್ನು ಬಿಗಿ ಮಾಡಿದೆ, ಉಳಿದವರೂ ಅದೇ ದಾರಿಯಲ್ಲಿದ್ದಾರೆ. ಕರಾರಿನ ಅವಧಿ ಎಂದು ಮುಗಿಯುತ್ತದೆ ನೋಡಿಕೊಳ್ಳಿ. ಜಿಲ್ಲೋ ಕಂಪನಿ ಸಂಶೋಧಕರಿಗೆ ಕೊಡುತ್ತಿದ್ದ ಜೆಡ್‌ಟ್ರ್ಯಾಕ್ಸ್ ಎಂಬ ದೊಡ್ಡ ಡೇಟಾ 2023ರಲ್ಲಿ ನಿಂತುಹೋಯಿತು. ರೆಫರಿ ಹೊಸ ಕೋಷ್ಟಕ ಕೇಳುವ ಹೊತ್ತಿಗೆ ಡೇಟಾವೇ ಕೈಯಲ್ಲಿಲ್ಲ ಅಂದರೆ ಏನು ಮಾಡುತ್ತೀರಿ?

ಪ್ರಶ್ನೆ: ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಐ ಬಳಸಿ ಭಾಷೆ ತಿದ್ದಿಸಿಕೊಂಡರೆ ತೊಂದರೆಯೇ?

ಭಾಷೆ ತಿದ್ದಿಸಿಕೊಳ್ಳಿ, ಜರ್ನಲ್ ಕೇಳಿದರೆ ಹಾಗೆಂದು ತಿಳಿಸಿ. ಎಐಯನ್ನು ಲೇಖಕ ಎಂದು ಹಾಕುವಂತಿಲ್ಲ, ಪ್ರಕಟಣಾ ನೀತಿಯ ಸಮಿತಿಯಾದ ಸಿಒಪಿಇ ಇದನ್ನು ಸ್ಪಷ್ಟವಾಗಿ ಹೇಳಿದೆ, ಏಕೆಂದರೆ ತಪ್ಪಾದರೆ ಹೊಣೆ ಹೊರುವುದು ಅದಕ್ಕೆ ಸಾಧ್ಯವಿಲ್ಲ. ಸಾಹಿತ್ಯ ವಿಮರ್ಶೆಯನ್ನು ಮಾತ್ರ ಅದರ ಕೈಗೆ ಕೊಡಬೇಡಿ. ಇಲ್ಲದ ಪೇಪರ್‌ಗಳನ್ನು ಇದ್ದಂತೆ ಉಲ್ಲೇಖಿಸುವುದು ಅದಕ್ಕೆ ಸಲೀಸು. ಅಂಥ ಒಂದು ಪೇಪರ್ ರೆಫರಿಯ ಹೆಸರಿನಲ್ಲೇ ಇದ್ದರೆ, ತಾನು ಯಾವತ್ತೂ ಬರೆಯದ ಪೇಪರ್ ಅದು ಎಂದು ಅವರಿಗೆ ಗೊತ್ತಾಗಲು ಒಂದು ಕ್ಷಣ ಸಾಕು. ತಿದ್ದಿಸಿದ ಮೇಲೆ ಸಂಖ್ಯೆಗಳನ್ನೂ 'ಹೆಚ್ಚು', 'ಕಮ್ಮಿ' ಅನ್ನುವ ಮಾತುಗಳನ್ನೂ ಕೋಷ್ಟಕದ ಜೊತೆ ಸಾಲುಸಾಲಾಗಿ ತಾಳೆ ಹಾಕಿ, ಆಮೇಲೆ ಕಳಿಸಿ.